ರೋಲಿಂಗ್ ಥಂಡರ್ ರೆವ್ಯೂ, 1975–76: ಕೇಳಿದವರು, ನುಡಿಸಿದವರು ಎಲ್ಲ ಬನ್ನಿ

ಹಳೇರೆಕಾರ್ಡ್

ಜನಪದ ಶೈಲಿಯ ಹಾಡಿನಿಂದ ಹೆಸರಾದ ಅಮೆರಿಕದ ಗಾಯಕ ಬಾಬ್ ಡಿಲನ್ ಮಾತು ಬಂದಾಗಲೆಲ್ಲ ಜನ 1966ರ ಇಂಗ್ಲೆಂಡ್ ಪ್ರವಾಸದ ಕಥೆ ತೆಗೆಯುತ್ತಾರೆ. ಎಲೆಕ್ಟ್ರಿಕ್ ಗಿಟಾರ್ ಹಿಡಿದದ್ದಕ್ಕೆ ಸಭೆ ಕೂಗಾಡಿದ್ದು, ಅದೆಲ್ಲ. ಅದು ದೊಡ್ಡ ಘಟನೆಯೇ. ಆದರೆ ಫೋಕ್ ರಾಕ್ (ಜನಪದ ಹಾಡು ಮತ್ತು ರಾಕ್ ಬೆರೆತ ಸಂಗೀತ) ಅಂದರೆ ನನಗೆ ಮೊದಲು ನೆನಪಾಗುವುದು ಅದಾಗಿ ಒಂಬತ್ತು ವರ್ಷಕ್ಕೆ ಹೊರಟ ರೋಲಿಂಗ್ ಥಂಡರ್ ರೆವ್ಯೂ ಅನ್ನುವ ಸಂಗೀತ ಪ್ರವಾಸ. 1975ರ ಅಕ್ಟೋಬರ್ 30ರಂದು ಮ್ಯಾಸಚೂಸೆಟ್ಸ್‌ನ ಪ್ಲಿಮತ್ ಊರಲ್ಲಿ ಶುರುವಾಯಿತು. ಡಿಸೆಂಬರ್ 8ಕ್ಕೆ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲ ಸುತ್ತು ಮುಗಿಯಿತು.

ಅದಕ್ಕೂ ಮುಂಚೆ, 1974ರಲ್ಲಿ, ಡಿಲನ್ ‘ದಿ ಬ್ಯಾಂಡ್’ ಅನ್ನುವ ರಾಕ್ ತಂಡದ ಜೊತೆ ಅಮೆರಿಕ ಸುತ್ತಿದ್ದರು. ಎಲ್ಲ ದೊಡ್ಡ ದೊಡ್ಡ ಕ್ರೀಡಾಂಗಣಗಳು. ಟಿಕೆಟ್‌ಗೆ ಅಂಚೆಯಲ್ಲಿ ಅರ್ಜಿ ಹಾಕಬೇಕಿತ್ತು, ಲಕ್ಷಗಟ್ಟಲೆ ಜನ ಹಾಕಿದ್ದರು. ದುಡ್ಡು ಬಂತು. ಹಾಡುವವರಿಗೂ ಕೇಳುವವರಿಗೂ ಮಧ್ಯೆ ಮಾತ್ರ ಭಾರೀ ದೂರ. ಮರುವರ್ಷವೇ ಅವರು ಪೂರ್ತಿ ಉಲ್ಟಾ ದಾರಿ ಹಿಡಿದರು. ಚಿಕ್ಕ ಊರು, ಚಿಕ್ಕ ಸಭಾಂಗಣ. ತಿಂಗಳುಗಟ್ಟಲೆ ಜಾಹೀರಾತಿಲ್ಲ. ಕೆಲವೇ ದಿನ ಮುಂಚೆ ಊರಲ್ಲಿ ಕರಪತ್ರ ಹಂಚಿ ಟಿಕೆಟ್ ಮಾರುವುದು. ಪ್ರವಾಸ ನಡೆಸಿದ ಲೂಯಿ ಕೆಂಪ್ ಡಿಲನ್‌ಗೆ ಬಾಲ್ಯದ ಗೆಳೆಯ, ಕಸುಬಿನಲ್ಲಿ ಮೀನು ವ್ಯಾಪಾರಿ.

ಜೊತೆಗೆ ಹೊರಟವರನ್ನು ನೋಡಿ. ಜನಪದ ಗಾಯಕಿ ಜೋನ್ ಬೇಜ್, ಬರ್ಡ್ಸ್ ತಂಡದ ರೋಜರ್ ಮೆಗ್ವಿನ್, ಹಳೆಯ ಜನಪದ ಗಾಯಕ ವುಡಿ ಗಥ್ರಿ ಜೊತೆಗೇ ಅಲೆದು ಹಾಡು ಕಲಿತ ರ‍್ಯಾಂಬ್ಲಿನ್ ಜ್ಯಾಕ್ ಎಲಿಯಟ್, ಬಾಬ್ ನ್ಯೂವರ್ತ್, ನಟಿ ಮತ್ತು ಗಾಯಕಿ ರೋನಿ ಬ್ಲೇಕ್ಲಿ. ನವೆಂಬರ್ 13ರಂದು ನ್ಯೂ ಹೇವನ್‌ನಲ್ಲಿ ಗಾಯಕಿ ಜೋನಿ ಮಿಚೆಲ್ ಸೇರಿದರು, ಸುತ್ತು ಮುಗಿಯುವವರೆಗೂ ಉಳಿದರು. ಕವಿ ಅಲೆನ್ ಗಿನ್ಸ್‌ಬರ್ಗ್ ಬಸ್ಸಿನಲ್ಲಿ. ನಾಟಕಕಾರ ಸ್ಯಾಮ್ ಶೆಪರ್ಡ್ ಪ್ರವಾಸದ ಜೊತೆಗೇ ಡಿಲನ್ ತೆಗೆಯುತ್ತಿದ್ದ ಸಿನಿಮಾಗೆ ಬರೆಯಲು ಬಂದವರು.

ನನ್ನ ವಾದ ಇಷ್ಟೇ: ಇದನ್ನು ಡಿಲನ್ ಪ್ರವಾಸ ಅನ್ನುವುದು ತಪ್ಪು. ಇದು ಒಂದು ಮೇಳ. ಡಿಲನ್ ಅದರಲ್ಲಿ ಒಬ್ಬರು. ಹಾಗೆ ಇದ್ದದ್ದಕ್ಕೇ ಅವರು ಅಷ್ಟು ಚೆನ್ನಾಗಿ ಹಾಡಿದರು. ಒಪ್ಪದವರು ಬಂದು ಹೇಳಿ. ಈ ಹಾಡುಗಳನ್ನು ನುಡಿಸಿದವರು ನಮ್ಮಲ್ಲಿ ಇದ್ದಾರೆ ಅಂತ ಗೊತ್ತು, ಅವರು ಖಂಡಿತ ಬರೆಯಬೇಕು.

ಬಾಸ್‌ತಂತಿ

ಮೇಳ ಸರಿ ಗುರು. ಆದರೆ "ಡಿಲನ್ ಅದರಲ್ಲಿ ಒಬ್ಬರು" ಅನ್ನುವುದು ಜಾಸ್ತಿ ಆಯಿತು. ಆ ನಲವತ್ತು ದಿನ ಅವನು ಹಾಡಿದಂತೆ ಅವನೇ ಮತ್ತೆ ಹಾಡಿಲ್ಲ. ಪ್ರತಿ ಪದವನ್ನೂ ಕಚ್ಚಿ ಹಿಡಿದು ಬಿಡುತ್ತಾನೆ. ನಾನು ಬಾಸ್ ನುಡಿಸುವವನು, ಈ ಹಾಡುಗಳನ್ನು ಗೆಳೆಯರ ಜೊತೆ ಬೇಕಾದಷ್ಟು ಸಲ ಪ್ರಯತ್ನಿಸಿದ್ದೇನೆ. ಡ್ರಮ್ ಹಿಡಿದುಕೊಂಡು ಹೋದರೆ ಇಲ್ಲಿ ದಾರಿ ತಪ್ಪುತ್ತದೆ. ಮಾತು ಎಲ್ಲಿ ಬೀಳುತ್ತದೋ ಅಲ್ಲಿ ಬಾಸ್ ಬೀಳಬೇಕು. ಹಾಡುವವನು ಸಾಲನ್ನು ಎಳೆದರೆ ನಾವೂ ಕಾಯಬೇಕು, ಅವನು ನುಗ್ಗಿದರೆ ನಾವೂ ನುಗ್ಗಬೇಕು.

ಅದನ್ನು ಅಲ್ಲಿ ಮಾಡಿದವರು ರಾಬ್ ಸ್ಟೋನರ್. ಬಾಸ್ ಅವರದ್ದು, ತಂಡ ನಡೆಸಿದ್ದೂ ಅವರೇ. ವೇದಿಕೆ ಮೇಲೆ ಗಿಟಾರ್ ಹಿಡಿದವರೇ ಐದಾರು ಜನ. ಮಿಕ್ ರಾನ್ಸನ್, ಟಿ-ಬೋನ್ ಬರ್ನೆಟ್, ಸ್ಟೀವನ್ ಸೋಲ್ಸ್, ನ್ಯೂವರ್ತ್, ಜೊತೆಗೆ ಡಿಲನ್. ಇವರ ಮೇಲೆ ಡೇವಿಡ್ ಮ್ಯಾನ್ಸ್‌ಫೀಲ್ಡ್, ಇನ್ನೂ ಇಪ್ಪತ್ತು ತುಂಬದ ಹುಡುಗ. ಪೆಡಲ್ ಸ್ಟೀಲ್, ಮ್ಯಾಂಡೊಲಿನ್, ಪಿಟೀಲು ಎಲ್ಲ ನುಡಿಸುತ್ತಿದ್ದ. ಇಷ್ಟು ತಂತಿಗಳ ಕೆಳಗೆ ಒಂದು ಗಟ್ಟಿ ನೆಲ ಇಲ್ಲದಿದ್ದರೆ ಎಲ್ಲ ಕಲಸಿಹೋಗುತ್ತದೆ. ಆ ನೆಲ ಸ್ಟೋನರ್. ಹೆಡ್‌ಫೋನ್ ಹಾಕಿಕೊಂಡು ಬರೀ ಬಾಸ್ ಹಿಂದೆ ಹೋಗಿ ನೋಡಿ.

ಪಿಟೀಲುಗಾತಿ

ಬಾಸ್ ಮಾತು ಆಯಿತಲ್ಲ, ಈಗ ಪಿಟೀಲಿನ ಸರದಿ.

ಸ್ಕಾರ್ಲೆಟ್ ರಿವೇರಾ ಸಿಕ್ಕಿದ ಕಥೆ ಎಲ್ಲರಿಗೂ ಗೊತ್ತು. 1975ರ ಬೇಸಿಗೆ, ಗ್ರೀನಿಚ್ ವಿಲೇಜ್. ಪಿಟೀಲಿನ ಪೆಟ್ಟಿಗೆ ಹಿಡಿದು ರಸ್ತೆಯಲ್ಲಿ ಹೋಗುತ್ತಿದ್ದರು. ಡಿಲನ್ ಕಾರು ನಿಲ್ಲಿಸಿ ಮಾತಾಡಿಸಿದರು, ಕರೆದುಕೊಂಡು ಹೋಗಿ ನುಡಿಸಲು ಹೇಳಿದರು. ಅದೇ ಜುಲೈನಲ್ಲಿ ಅವರು ಡಿಲನ್‌ರ ಡಿಸೈರ್ ಆಲ್ಬಂನ ಸ್ಟುಡಿಯೊದಲ್ಲಿ ಇದ್ದರು. ಈ ಕಥೆಯನ್ನು ಎಲ್ಲರೂ ಅದೃಷ್ಟದ ಕಥೆ ಅಂತ ಹೇಳುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ರಸ್ತೆಯಲ್ಲಿ ಸಿಕ್ಕಿದ್ದು ಅದೃಷ್ಟ ಇರಬಹುದು. ಪುಟ ತೋರಿಸದೆ, ಸ್ವರ ಬರೆದುಕೊಡದೆ ಹಾಡು ಶುರು ಮಾಡಿದಾಗ ಆ ಜಾಗಕ್ಕೆ ಸರಿಯಾದ ದನಿ ಹುಡುಕಿದ್ದು ವಿದ್ಯೆ.

ನಾನು ನುಡಿಸಿ ಕಂಡುಕೊಂಡದ್ದು ಹೇಳುತ್ತೇನೆ. ಒನ್ ಮೋರ್ ಕಪ್ ಆಫ್ ಕಾಫಿ ಹಾಡು ತಗೊಳ್ಳಿ. ಎ ಮೈನರ್‌ನಿಂದ ಜಿ, ಎಫ್, ಇ ಅಂತ ಮೆಟ್ಟಿಲಿಳಿಯುವ ನಾಲ್ಕೇ ಕಾರ್ಡ್. ಎಷ್ಟು ಸುಲಭ ಅನಿಸುತ್ತದೆ ಅಲ್ವಾ? ಪಿಟೀಲು ಹಿಡಿದವರು ಮಾಡುವ ಮೊದಲ ಕೆಲಸ ಹಾಡಿನ ಧಾಟಿಯನ್ನೇ ಹಿಂಬಾಲಿಸುವುದು. ಅವರು ಹಾಗೆ ಮಾಡಲಿಲ್ಲ. ಡಿಲನ್ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಒಳಗೆ ಬರುತ್ತಾರೆ. ಬಂದು ಉತ್ತರ ಕೊಡುತ್ತಾರೆ, ಮುಂದಿನ ಸಾಲು ಶುರುವಾಗುವುದರೊಳಗೆ ತಗ್ಗುತ್ತಾರೆ. ಬಿಲ್ಲು ಉದ್ದ, ಸ್ವರ ಕಡಿಮೆ, ಕಂಪನ ಜಾಸ್ತಿ. ಇದನ್ನು ನಕಲು ಮಾಡಲು ಹೋದಾಗ ನನಗೆ ಗೊತ್ತಾಯಿತು, ಕಷ್ಟ ಇರುವುದು ನುಡಿಸುವುದರಲ್ಲಿ ಅಲ್ಲ, ಸುಮ್ಮನೆ ಇರುವುದರಲ್ಲಿ.

ಗಿಟಾರ್ ಸೋಲೊ ಬರಬೇಕಾದ ಕಡೆಯಲ್ಲೆಲ್ಲ ಅಲ್ಲಿ ಪಿಟೀಲು ಬರುತ್ತದೆ. 1975ರ ರಾಕ್ ವೇದಿಕೆಯಲ್ಲಿ, ಡಿಲನ್ ಪಕ್ಕದಲ್ಲಿ, ಒಬ್ಬ ಹೆಣ್ಣುಮಗಳು ಮುಖ್ಯ ವಾದ್ಯ ನುಡಿಸುತ್ತಿದ್ದಳು. ಇದನ್ನು ಯಾರೂ ಸಾಕಷ್ಟು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಬಾಸ್ಟನ್75

ನಾನು ಹಿರಿಯ, ಟೈಪ್ ಮಾಡುವುದು ನಿಧಾನ. ಆದರೂ ಬರೆಯಲೇಬೇಕು ಅನಿಸಿತು. ಆಗ ನಾನು ಬಾಸ್ಟನ್ ಹತ್ತಿರ ಓದುತ್ತಿದ್ದೆ. ನವೆಂಬರ್ 21ರಂದು ಬಾಸ್ಟನ್ ಮ್ಯೂಸಿಕ್ ಹಾಲ್‌ನಲ್ಲಿ ಎರಡು ಆಟ ಇತ್ತು, ಮಧ್ಯಾಹ್ನ ಒಂದು, ರಾತ್ರಿ ಒಂದು. ನಾನು ಕೂತದ್ದು ರಾತ್ರಿಯದಕ್ಕೆ.

ಇಂದಿನವರಿಗೆ ಅರ್ಥವಾಗಬೇಕಾದ ಒಂದು ವಿಷಯ ಇದೆ. ಅಂದು ಹಾಡಿದ ಅರ್ಧದಷ್ಟು ಹಾಡುಗಳನ್ನು ನಾವು ಕೇಳಿಯೇ ಇರಲಿಲ್ಲ. ಡಿಸೈರ್ ಅಂಗಡಿಗೆ ಬಂದದ್ದು 1976ರ ಜನವರಿಯಲ್ಲಿ. ಐಸಿಸ್, ಓ ಸಿಸ್ಟರ್, ಸಾರಾ, ರೊಮಾನ್ಸ್ ಇನ್ ಡುರಾಂಗೊ, ಎಲ್ಲ ಹೊಚ್ಚ ಹೊಸದು. ಹರಿಕೇನ್ ಮಾತ್ರ ಸಿಂಗಲ್ ಆಗಿ ಆ ತಿಂಗಳು ಬಂದಿತ್ತು. ಗೊತ್ತಿಲ್ಲದ ಹಾಡನ್ನು ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳುವುದು ಬೇರೆಯೇ ಅನುಭವ. ಮುಂದಿನ ಸಾಲು ಏನು ಅಂತ ಯಾರಿಗೂ ಗೊತ್ತಿಲ್ಲ. ಕಥೆ ಎಲ್ಲಿಗೆ ಹೋಗುತ್ತದೆ ಅಂತ ಕಾಯುತ್ತೀರಿ.

ಆಟ ಶುರುವಾದಾಗ ಡಿಲನ್ ಇರಲಿಲ್ಲ. ನ್ಯೂವರ್ತ್ ಬಂದರು, ತಂಡದ ಒಬ್ಬೊಬ್ಬರೂ ತಮ್ಮ ತಮ್ಮ ಹಾಡು ಹಾಡಿದರು. ಜೋನಿ ಮಿಚೆಲ್ ಬಂದು ಹಾಡಿ ಹೋದರು. ಜ್ಯಾಕ್ ಎಲಿಯಟ್ ಬಂದರು. ಅದಾದ ಮೇಲೆ ಬಿಳಿ ಬಣ್ಣ ಬಳಿದ ಮುಖ, ಟೋಪಿ ತುಂಬ ಹೂವು, ಗಿಟಾರ್ ಹಿಡಿದ ಒಬ್ಬರು ನ್ಯೂವರ್ತ್ ಪಕ್ಕ ಬಂದು ನಿಂತರು. ಯಾರೂ ಹೆಸರು ಕೂಗಿ ಪರಿಚಯ ಮಾಡಲಿಲ್ಲ. ಹಾಡು ಶುರುವಾದ ಮೇಲೆ ಸಭೆಗೆ ತಿಳಿದು ಕೂಗು ಎದ್ದಿತು.

ಆಮೇಲೆ ಇಂಟರ್ವಲ್. ಅದು ಮುಗಿದು ದೀಪ ಆರಿತು, ಬಣ್ಣದ ಪರದೆ ಇನ್ನೂ ಇಳಿದೇ ಇತ್ತು. ಪರದೆಯ ಹಿಂದಿನಿಂದ ಎರಡು ಗಿಟಾರ್, ಎರಡು ದನಿ. ಒಂದು ಹೆಣ್ಣು, ಒಂದು ಗಂಡು. ಯಾರು ಅಂತ ಎಲ್ಲರಿಗೂ ಗೊತ್ತು. 1965ರ ನಂತರ ಆ ಇಬ್ಬರೂ ಬೇರೆ ಬೇರೆ ದಾರಿಯಲ್ಲಿದ್ದವರು. ಪರದೆ ನಿಧಾನಕ್ಕೆ ಮೇಲೆದ್ದಿತು, ಒಂದೇ ಮೈಕಿನ ಮುಂದೆ ಬೇಜ್ ಮತ್ತು ಡಿಲನ್. ನಮ್ಮ ಕಡೆಯ ಕಂಪನಿ ನಾಟಕ ನೋಡಿ ಬೆಳೆದವನು ನಾನು. ಪರದೆ ಏಳುವ ಮುಂಚೆಯೇ ಒಳಗಿನ ಹಾಡು ಕೇಳಿಸಿ ಮೈ ಜುಮ್ಮೆನ್ನುವುದು ನನಗೆ ಹೊಸದಲ್ಲ. ಅಮೆರಿಕದಲ್ಲಿ, ರಾಕ್ ಸಂಗೀತದ ಆಟದಲ್ಲಿ ಅದೇ ಸಿಗುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಕೊನೆಗೆ ಎಲ್ಲರೂ ವೇದಿಕೆಗೆ ಬಂದು ವುಡಿ ಗಥ್ರಿಯವರ ದಿಸ್ ಲ್ಯಾಂಡ್ ಇಸ್ ಯುವರ್ ಲ್ಯಾಂಡ್ ಹಾಡಿದರು. ಹಳೇರೆಕಾರ್ಡ್ ಅವರೇ, ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ. ನಾವು ಮನೆಗೆ ಹೋಗುವಾಗ ಮಾತಾಡಿದ್ದು ಡಿಲನ್ ಒಬ್ಬರ ಬಗ್ಗೆ ಅಲ್ಲ.

ಹೊಸಕಿವಿ

ಸರ್, ಓದಿ ಮೈ ಜುಮ್ಮೆಂದಿತು. ನಿಜವಾಗಿಯೂ ಅಲ್ಲಿ ಕೂತವರ ಮಾತನ್ನು ಕನ್ನಡದಲ್ಲಿ ಓದುತ್ತೇನೆ ಅಂತ ಅಂದುಕೊಂಡಿರಲಿಲ್ಲ.

ನಾನು ಈ ಪ್ರವಾಸದ ಬಗ್ಗೆ 2019ರಲ್ಲಿ ಬಂದ ಮಾರ್ಟಿನ್ ಸ್ಕೊರ್ಸೆಸಿ ಸಿನಿಮಾ ನೋಡಿ ಈ ಕಡೆ ಬಂದವನು. ಅದರಲ್ಲಿ ಬರುವ ಯುರೋಪಿನ ಸಿನಿಮಾ ನಿರ್ದೇಶಕ, ಚಿಕ್ಕ ವಯಸ್ಸಿನಲ್ಲಿ ಪ್ರವಾಸದ ಜೊತೆ ಹೋದೆ ಅನ್ನುವ ನಟಿ ಶರಾನ್ ಸ್ಟೋನ್, ಇವೆಲ್ಲ ಕಟ್ಟುಕಥೆ ಅಂತ ಎಲ್ಲೋ ಓದಿದೆ. ಹೌದಾ? ಯಾವುದು ನಿಜ, ಯಾವುದು ಸುಳ್ಳು ಅಂತ ಯಾರಾದರೂ ಬಿಡಿಸಿ ಹೇಳಿ.

ಹಳೇರೆಕಾರ್ಡ್

ಹೌದು, ಕಟ್ಟಿದ್ದೇ. ಸ್ಟೆಫಾನ್ ವ್ಯಾನ್ ಡಾರ್ಪ್ ಅನ್ನುವ ನಿರ್ದೇಶಕ ಇರಲೇ ಇಲ್ಲ, ಅದು ನಟರೊಬ್ಬರು ಮಾಡಿದ ಪಾತ್ರ. ಶರಾನ್ ಸ್ಟೋನ್ ಕಥೆ ಸುಳ್ಳು. ಕಾಂಗ್ರೆಸ್ ಸದಸ್ಯ ಅಂತ ಬರುವ ಜ್ಯಾಕ್ ಟ್ಯಾನರ್ ಕೂಡ ಪಾತ್ರವೇ. ಮುಖಕ್ಕೆ ಬಣ್ಣ ಬಳಿಯುವ ಯೋಚನೆ ಕಿಸ್ ತಂಡದ ಆಟ ನೋಡಿ ಬಂತು ಅನ್ನುವುದನ್ನೂ ನಂಬಬೇಡಿ. ಪ್ರವಾಸ ಶುರುವಾದಾಗ ಡಿಲನ್ ಶೆಪರ್ಡ್‌ಗೆ ಕೇಳಿದ್ದು 1945ರ ಫ್ರೆಂಚ್ ಸಿನಿಮಾ ಚಿಲ್ಡ್ರನ್ ಆಫ್ ಪ್ಯಾರಡೈಸ್ ನೋಡಿದ್ದೀಯಾ ಅಂತ. ಅದರಲ್ಲಿ ಬಿಳಿ ಮುಖದ ಮೂಕಾಭಿನಯದ ನಟನೇ ಮುಖ್ಯ ಪಾತ್ರ.

ನಿಜ ಯಾವುದು ಅಂದರೆ, ವೇದಿಕೆ ಮೇಲೆ ನಡೆಯುವುದೆಲ್ಲ ನಿಜ. ಆ ಚಿತ್ರಗಳನ್ನು ತೆಗೆದದ್ದು ಡಿಲನ್ ಅವರ ಸ್ವಂತ ಸಿನಿಮಾಗೆ, 1978ರಲ್ಲಿ ಬಂದ ರೆನಾಲ್ಡೊ ಅಂಡ್ ಕ್ಲಾರಾ. ಹತ್ತಿರ ನಾಲ್ಕು ಗಂಟೆ ಉದ್ದ. ಲೋವೆಲ್‌ನಲ್ಲಿ ಲೇಖಕ ಜ್ಯಾಕ್ ಕೆರುವಾಕ್ ಸಮಾಧಿ ಹತ್ತಿರ ಡಿಲನ್ ಮತ್ತು ಗಿನ್ಸ್‌ಬರ್ಗ್ ಕೂತಿರುವುದು ನಿಜ. ಟಸ್ಕರೋರಾ ಮೂಲನಿವಾಸಿಗಳ ನೆಲದಲ್ಲಿ ಐರಾ ಹೇಯ್ಸ್ ಹಾಡು ಹಾಡುವುದು ನಿಜ. ಟೊರಾಂಟೊದಲ್ಲಿ ಗಾಯಕ ಗಾರ್ಡನ್ ಲೈಟ್‌ಫುಟ್ ಮನೆಯಲ್ಲಿ ಜೋನಿ ಮಿಚೆಲ್ ಕಯೋಟಿ ಹಾಡುವುದು ನಿಜ. ಆ ಹಾಡು ಈ ಪ್ರವಾಸದಲ್ಲೇ ಹುಟ್ಟಿದ್ದು. ಪಕ್ಕದಲ್ಲಿ ಡಿಲನ್ ಮತ್ತು ಮೆಗ್ವಿನ್ ಅವರ ಕೈ ನೋಡಿಕೊಂಡು ಗಿಟಾರ್ ನುಡಿಸುತ್ತಾರೆ. ನನಗೆ ಇಡೀ ಸಿನಿಮಾದಲ್ಲಿ ಆ ಒಂದು ದೃಶ್ಯ ಸಾಕು.

ಮಳೆಹಾಡು

ಸಿನಿಮಾ ಬಗ್ಗೆ ನನಗೆ ಸಿಟ್ಟಿದೆ. ಮುಖವಾಡ, ಆಟ, ಅದೆಲ್ಲ ಸರಿ. ಆದರೆ ಇಷ್ಟು ಜನರ ಬದುಕಿನ ದಾಖಲೆ ಇಟ್ಟುಕೊಂಡು ಅದರೊಳಗೆ ಸುಳ್ಳು ಸೇರಿಸುವುದು ಯಾಕೆ? ಇದ್ದದ್ದೇ ಬೇಕಾದಷ್ಟಿತ್ತು. ತಂಡದ ಹವರ್ಡ್, ಎಲ್ಲರೂ ಹವಿ ಅನ್ನುವ ವೈಯತ್, ಡ್ರಮ್ ನುಡಿಸಿದವರು, ಪ್ರಸಿದ್ಧ ಚಿತ್ರಕಾರ ಆಂಡ್ರೂ ವೈಯತ್ ಅವರ ಬಂಧು, ಪಿಯಾನೊ ಕೂಡ ಬಲ್ಲವರು. ಅವರು 1996ರಲ್ಲಿ ಹೋದರು. ರಾನ್ಸನ್ 1993ರಲ್ಲೇ ಹೋದರು. ಇಡೀ ಆಟಕ್ಕೆ ರಂಗದ ರೂಪ ಕೊಟ್ಟ, ಡಿಸೈರ್‌ನ ಹೆಚ್ಚಿನ ಹಾಡುಗಳನ್ನು ಡಿಲನ್ ಜೊತೆ ಕೂತು ಬರೆದ ಜ್ಯಾಕ್ ಲೆವಿ 2004ರಲ್ಲಿ. ಇಲ್ಲದ ನಿರ್ದೇಶಕನಿಗೆ ಕೊಟ್ಟ ಸಮಯವನ್ನು ಇವರಿಗೆ ಕೊಡಬಹುದಿತ್ತು.

ಇನ್ನೊಂದು ವಿಷಯ. ಎಲ್ಲರೂ 1975ರ ಬಗ್ಗೆ ಮಾತ್ರ ಬರೆಯುತ್ತಿದ್ದೀರಿ. ತಲೆಬರಹದಲ್ಲಿ 1976 ಕೂಡ ಇದೆ, ಮರೆಯಬೇಡಿ. ಏಪ್ರಿಲ್ 18ಕ್ಕೆ ಫ್ಲಾರಿಡಾದ ಲೇಕ್‌ಲ್ಯಾಂಡ್‌ನಲ್ಲಿ ಶುರುವಾಗಿ ಮೇ 25ಕ್ಕೆ ಸಾಲ್ಟ್ ಲೇಕ್ ಸಿಟಿಯಲ್ಲಿ ಮುಗಿದ ಎರಡನೇ ಸುತ್ತು. ನನಗೆ ಅದೇ ಜಾಸ್ತಿ ಇಷ್ಟ.

ಬಾಸ್‌ತಂತಿ

ಅಕ್ಕ, ಎರಡನೇ ಸುತ್ತಾ? ಶ್ರುತಿ ಇಲ್ಲ, ಸಂತೋಷ ಇಲ್ಲ. ಮೊದಲ ಸುತ್ತಿನ ಗೆಳೆತನವೇ ಹೋಗಿಬಿಟ್ಟಿತ್ತು. ಆ ಸುತ್ತಿನಲ್ಲಿ ಮುದ್ರಿಸಿದ ಹಾರ್ಡ್ ರೇನ್ ಆಲ್ಬಂ ಕೇಳಿದರೆ ಎಲ್ಲರೂ ಮನೆಗೆ ಹೋಗಲು ಕಾಯುತ್ತಿರುವಂತೆ ಇದೆ.

ಮಳೆಹಾಡು

ಸಂತೋಷ ಇಲ್ಲ ಅನ್ನುವುದು ನಿಜ. ಅದಕ್ಕೇ ಅದು ದೊಡ್ಡದು ಅನ್ನುತ್ತೇನೆ.

ಮೇ 23, ಕೊಲರಾಡೊದ ಫೋರ್ಟ್ ಕಾಲಿನ್ಸ್. ತೆರೆದ ಕ್ರೀಡಾಂಗಣ. ಮಳೆ ಬಿಡುತ್ತಲೇ ಇಲ್ಲ. ಒದ್ದೆ ವೇದಿಕೆ, ತಂತಿಗಳ ಶ್ರುತಿ ನಿಲ್ಲುತ್ತಿಲ್ಲ, ಟಿವಿ ಕ್ಯಾಮೆರಾಗಳು ಓಡುತ್ತಿವೆ. ಮರುದಿನ ಡಿಲನ್‌ಗೆ ಮೂವತ್ತೈದು ತುಂಬುತ್ತದೆ. ಹೆಂಡತಿ ಸಾರಾ ಬಂದಿದ್ದಾರೆ, ಮದುವೆ ಮುರಿಯುವ ಹಂತದಲ್ಲಿದೆ. ಮುಂದಿನ ವರ್ಷ ವಿಚ್ಛೇದನ ಆಯಿತು. ಹೀಗಿರುವಾಗ ಆತ ಈಡಿಯಟ್ ವಿಂಡ್ ಹಾಡುತ್ತಾರೆ. ನಾನು ಗಿಟಾರ್ ನುಡಿಸುವವಳು, ಚೆನ್ನಾಗಿ ನುಡಿಸುವುದು ಅಂದರೆ ಏನು ಅಂತ ನನಗೂ ಗೊತ್ತು. ಆ ಹತ್ತು ನಿಮಿಷದಲ್ಲಿ ಚೆನ್ನಾಗಿ ನುಡಿಸುವುದು ಯಾರಿಗೂ ಬೇಕಿಲ್ಲ. ಗಿಟಾರ್‌ಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ, ಡ್ರಮ್ ಮುಂದಕ್ಕೆ ಬೀಳುತ್ತದೆ. ಡಿಲನ್ ಒಂದೊಂದು ಪದವನ್ನೂ ಉಗುಳುತ್ತಾರೆ. ಸ್ಟುಡಿಯೊದಲ್ಲಿ ಹಾಡಿದ್ದು ನೋವು, ಇಲ್ಲಿ ಹಾಡಿದ್ದು ಕೋಪ.

ಅದೇ ಮಳೆಯಲ್ಲಿ, ಅದೇ ವೇದಿಕೆಯಲ್ಲಿ, ತಲೆಗೆ ಬಟ್ಟೆ ಸುತ್ತಿಕೊಂಡ ಡಿಲನ್ ಮತ್ತು ಬೇಜ್ ಗಥ್ರಿಯವರ ಡಿಪೋರ್ಟೀ ಹಾಡುತ್ತಾರೆ. ವಿಮಾನ ಬಿದ್ದು ಸತ್ತ ಮೆಕ್ಸಿಕನ್ ಕೂಲಿಗಳ ಹಾಡು. ಹೆಸರಿಲ್ಲದೆ ಸತ್ತವರ ಹಾಡು. ಅದನ್ನು ಎರಡು ಸಲ ಕೇಳಿ ಆಮೇಲೆ ಸಂತೋಷದ ಬಗ್ಗೆ ಮಾತಾಡೋಣ ತಮ್ಮ.

ಬಾಸ್‌ತಂತಿ

ಡಿಪೋರ್ಟೀ ವಿಷಯದಲ್ಲಿ ನನ್ನ ಜಗಳ ಇಲ್ಲ. ಈಡಿಯಟ್ ವಿಂಡ್ ವಿಷಯದಲ್ಲೂ ಜಾಸ್ತಿ ಇಲ್ಲ. ಉಳಿದ ಆಲ್ಬಂ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ.

ಪಿಟೀಲುಗಾತಿ

ಎರಡನೇ ಸುತ್ತಿನಲ್ಲಿ ಪಿಟೀಲನ್ನು ಗಿಟಾರ್‌ಗಳ ಹಿಂದೆ ತಳ್ಳಿದ್ದು ನನಗೆ ನೋವು. ಆ ಆಲ್ಬಂನಲ್ಲಿ ರಿವೇರಾ ಅವರನ್ನು ಹುಡುಕಬೇಕು. ಮಳೆಹಾಡು ಹೇಳುವ ಕೋಪ ಅರ್ಥವಾಗುತ್ತದೆ. ಆದರೆ ಆ ಮೇಳದ ದನಿ ಅಂದರೆ ನನಗೆ ಆ ಪಿಟೀಲು. ಅದು ಹೋದರೆ ಉಳಿದದ್ದು ಒಳ್ಳೆಯ ರಾಕ್ ತಂಡ ಅಷ್ಟೇ.

ಹೊಸಕಿವಿ

ಹರಿಕೇನ್ ಬಗ್ಗೆ ಯಾರೂ ಬರೆಯಲಿಲ್ಲ? ನಾನು ಮೊದಲು ಕೇಳಿದ ಹಾಡೇ ಅದು.

ಬಾಸ್ಟನ್75

ಬರೆಯುತ್ತೇನೆ ಮಗು.

ರೂಬಿನ್ ‘ಹರಿಕೇನ್’ ಕಾರ್ಟರ್ ಬಾಕ್ಸರ್. 1966ರ ಜೂನ್‌ನಲ್ಲಿ ನ್ಯೂಜೆರ್ಸಿಯ ಪ್ಯಾಟರ್ಸನ್‌ನ ಒಂದು ಬಾರ್‌ನಲ್ಲಿ ಮೂರು ಜನರ ಕೊಲೆಯಾಯಿತು. 1967ರಲ್ಲಿ ಕಾರ್ಟರ್ ಮತ್ತು ಜಾನ್ ಆರ್ಟಿಸ್ ಅನ್ನುವ ಯುವಕನಿಗೆ ಶಿಕ್ಷೆ. ಇಬ್ಬರೂ ಕಪ್ಪು ಜನ. ಜೈಲಿನಿಂದ ಕಾರ್ಟರ್ ಬರೆದ ಆತ್ಮಕಥೆ ಓದಿ ಡಿಲನ್ ಹೋಗಿ ಭೇಟಿಯಾದರು, ಲೆವಿ ಜೊತೆ ಹಾಡು ಬರೆದರು. ಮೊದಲು ಹಾಡಿದ್ದರಲ್ಲಿ ಸಾಕ್ಷಿಗಳ ಬಗ್ಗೆ ಇದ್ದ ಒಂದು ಸಾಲು ಕೋರ್ಟಿಗೆ ಹೋಗಬಹುದು ಅಂತ ರೆಕಾರ್ಡ್ ಕಂಪನಿಯ ವಕೀಲರು ಹೇಳಿದರು. ಹಾಗಾಗಿ ಪ್ರವಾಸಕ್ಕೆ ಹೊರಡುವ ಕೆಲವೇ ದಿನ ಮುಂಚೆ ಮತ್ತೆ ಪೂರ್ತಿ ಹಾಡಿ ಮುದ್ರಿಸಿದರು. ಎಂಟು ನಿಮಿಷ ದಾಟುವ ಹಾಡು, ಸಿಂಗಲ್ ರೆಕಾರ್ಡಿನ ಎರಡು ಬದಿಗೆ ತುಂಡು ಮಾಡಿ ಹಾಕಿದ್ದರು.

ಡಿಸೆಂಬರ್ 7ರಂದು ಮೇಳ ಕಾರ್ಟರ್ ಇದ್ದ ನ್ಯೂಜೆರ್ಸಿಯ ಜೈಲಿಗೇ ಹೋಗಿ ಹಾಡಿತು. ಮರುದಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕಾರ್ಟರ್ ಸಹಾಯಾರ್ಥ ಆಟ, ಮುಹಮ್ಮದ್ ಅಲಿ ವೇದಿಕೆಗೆ ಬಂದು ಮಾತಾಡಿದರು. 1976ರಲ್ಲಿ ಮರುವಿಚಾರಣೆ ಆಯಿತು, ಮತ್ತೆ ಶಿಕ್ಷೆಯೇ ಆಯಿತು. ಬಿಡುಗಡೆ ಆದದ್ದು 1985ರಲ್ಲಿ. ಆರೋಪ ಕೈಬಿಟ್ಟದ್ದು 1988ರಲ್ಲಿ.

ಹಾಡಿನಲ್ಲಿ ವಿವರಗಳನ್ನು ಕವಿಯ ಸ್ವಾತಂತ್ರ್ಯದಿಂದ ಬಳಸಿದ್ದಾರೆ ಅಂತ ಟೀಕೆ ಇದೆ, ಅದು ಸರಿಯಾದ ಟೀಕೆ. ಆದರೆ ಸಭಾಂಗಣದಲ್ಲಿ ಕೂತವನಾಗಿ ಹೇಳುತ್ತೇನೆ. ಅರವತ್ತರ ದಶಕದ ಪ್ರತಿಭಟನೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದ ವರ್ಷ ಅದು. ಜೈಲಿನಲ್ಲಿ ಜೀವಂತ ಕೂತಿರುವ ಮನುಷ್ಯನ ಹೆಸರು ಹಿಡಿದು ಹಾಡಿದರು. ಸುಮ್ನೆ ಕೂತು ಕೇಳಲು ಆಗುತ್ತಿರಲಿಲ್ಲ.

1976ರ ಜನವರಿ 25ರಂದು ಹ್ಯೂಸ್ಟನ್‌ನ ಆಸ್ಟ್ರೊಡೋಮ್‌ನಲ್ಲಿ ಇನ್ನೊಂದು ಸಹಾಯಾರ್ಥ ಆಟ ಆಯಿತು. ಅದಾದ ಮೇಲೆ ಡಿಲನ್ ಈ ಹಾಡನ್ನು ವೇದಿಕೆಯಲ್ಲಿ ಮತ್ತೆ ಹಾಡಲಿಲ್ಲ.

ಕಡ್ಡಿಕೈ

ತಡವಾಗಿ ಬಂದೆ. ಡ್ರಮ್ ನುಡಿಸುವವನು. ಯಾರೂ ಐಸಿಸ್ ಬಗ್ಗೆ ಸರಿಯಾಗಿ ಮಾತಾಡಿಲ್ಲವಲ್ಲ!

ಆಲ್ಬಂನಲ್ಲಿ ಅದು ಹತ್ತಿರ ಏಳು ನಿಮಿಷ. ಪಿಯಾನೊ ಹಿಡಿದು, ಭಾರವಾದ ಹೆಜ್ಜೆ ಇಟ್ಟುಕೊಂಡು, ಮೂರು ಎಣಿಕೆಯ ತಾಳದಲ್ಲಿ ನಡೆಯುವ ಹಾಡು. ವೇದಿಕೆಯಲ್ಲಿ ಅದೇ ಹಾಡು ಐದು ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ತಾಳ ಅದೇ ಮೂರು. ಕಾರ್ಡ್ ಕೂಡ ಅದೇ, ಹಾಡಿನ ಉದ್ದಕ್ಕೂ ಸುತ್ತುವ ಒಂದೇ ಸುತ್ತು, ಪಲ್ಲವಿ ಇಲ್ಲ. ಬದಲಾದದ್ದು ವೇಗ ಮತ್ತು ಒತ್ತು. ಮೂರು ಎಣಿಕೆಯನ್ನು ಜೋರಾಗಿ ನುಡಿಸಿದರೆ ಸಾಮಾನ್ಯವಾಗಿ ತೂಗುಯ್ಯಾಲೆ ಆಗಿಬಿಡುತ್ತದೆ, ರಾಕ್ ಆಗುವುದಿಲ್ಲ. ವೈಯತ್ ಅದನ್ನು ತಡೆದದ್ದು ಹೇಗೆ ಅಂದರೆ, ಮೊದಲ ಎಣಿಕೆಯ ಮೇಲೆ ಅಷ್ಟೇ ಭಾರ ಹಾಕಿ ಉಳಿದೆರಡನ್ನು ಸ್ನೇರ್ ಮತ್ತು ಸಿಂಬಲ್‌ನಲ್ಲಿ ಮುರಿದು ಮುರಿದು ಕೊಟ್ಟರು. ಜೊತೆಗೆ ಲೂಥರ್ ರಿಕ್ಸ್ ತಾಳವಾದ್ಯದಲ್ಲಿ ಇದ್ದರು. ಒಬ್ಬನೇ ಕೂತು ಅದನ್ನು ತರಲು ಹೋಗಿ ನನ್ನ ಕೈ ಸೋತಿದೆ.

ಮಾಂಟ್ರಿಯಲ್, ಡಿಸೆಂಬರ್ 4ರ ಚಿತ್ರ ನೋಡಿ. ಡಿಲನ್ ಕೈಯಲ್ಲಿ ಗಿಟಾರ್ ಇಲ್ಲ. ಮೌತ್ ಆರ್ಗನ್ ಮಾತ್ರ. ಎರಡೂ ಕೈ ಬಿಡುವಾಗಿರುವುದರಿಂದ ಇಡೀ ಕಥೆಯನ್ನು ಕೈಯಲ್ಲೇ ಆಡಿ ತೋರಿಸುತ್ತಾರೆ. ಶುರುವಿನಲ್ಲಿ ಇದು ಮದುವೆಯ ಹಾಡು ಅಂತ ಹೇಳಿ, ಸಭೆಯಲ್ಲಿದ್ದ ಕವಿ-ಗಾಯಕ ಲಿಯೊನಾರ್ಡ್ ಕೋಹೆನ್‌ಗೆ ಅರ್ಪಿಸುತ್ತಾರೆ. ರಾನ್ಸನ್ ಗಿಟಾರ್ ಒಂದು ಕಡೆ, ಪಿಟೀಲು ಇನ್ನೊಂದು ಕಡೆ. ರಾನ್ಸನ್ ಡೇವಿಡ್ ಬೋವಿ ತಂಡದಿಂದ ಬಂದವರು, ಇಂಗ್ಲೆಂಡಿನ ಹಲ್ ಊರಿನವರು, ಅಮೆರಿಕದ ಜನಪದ ಹಾಡಿಗೂ ಅವರಿಗೂ ಸಂಬಂಧವೇ ಇರಲಿಲ್ಲ. ಅದೇ ಒಳ್ಳೆಯದಾಯಿತು. ಅಲ್ಲಿ ಎಲ್ಲರೂ ಮರ್ಯಾದೆಯಿಂದ ನುಡಿಸಿದ್ದರೆ ಮೇಳ ಮಲಗಿಬಿಡುತ್ತಿತ್ತು.

ಪಿಟೀಲುಗಾತಿ

ಕಡ್ಡಿಕೈ, ಈ ಕೊನೆಯ ಮಾತಿಗೆ ನನ್ನ ಪೂರ್ತಿ ಬೆಂಬಲ. ಅ ಹಾರ್ಡ್ ರೇನ್ಸ್ ಅ-ಗೊನ್ನಾ ಫಾಲ್ ಏನಾಯಿತು ನೋಡಿ. 1963ರಲ್ಲಿ ಒಂದು ಗಿಟಾರ್ ಇಟ್ಟುಕೊಂಡು ಮಂತ್ರದ ಹಾಗೆ ಹೇಳಿದ ಹಾಡು. ಇಲ್ಲಿ ಅದು ಕುಣಿಯುವ ಹಾಡು. ಜನಪದ ಅಂದರೆ ಮುಟ್ಟಬಾರದ ವಸ್ತು ಅಲ್ಲ ಅಂತ ಇವರು ಮಾಡಿ ತೋರಿಸಿದರು. ತಾನೇ ಬರೆದ ಹಾಡನ್ನು ಹಳೆಯ ಜನಪದ ಹಾಡಿನ ಹಾಗೆ ಎತ್ತಿಕೊಂಡು, ಇವತ್ತು ಬೇಕಾದ ಹಾಗೆ ಹಾಡುವುದು. ನಾನು ತಂಡ ಕಟ್ಟಿದ್ದೇ ಇದನ್ನು ಕೇಳಿದ ಮೇಲೆ.

ಹಳೇರೆಕಾರ್ಡ್

ಮೇಳದ ಮಾತಿಗೆ ಇನ್ನೊಂದು ಸಾಕ್ಷಿ ಕೊಡುತ್ತೇನೆ. ಪ್ರವಾಸ ಮುಗಿದ ಮೇಲೆ ಏನೇನು ಹುಟ್ಟಿತು ನೋಡಿ. ಬರ್ನೆಟ್, ಸೋಲ್ಸ್, ಮ್ಯಾನ್ಸ್‌ಫೀಲ್ಡ್ ಸೇರಿ ಆಲ್ಫಾ ಬ್ಯಾಂಡ್ ಕಟ್ಟಿದರು. ಮೆಗ್ವಿನ್ ಅದೇ ತಂಡದವರನ್ನು ಕರೆದುಕೊಂಡು ಕಾರ್ಡಿಫ್ ರೋಸ್ ಆಲ್ಬಂ ಮಾಡಿದರು, ನಿರ್ಮಾಣ ರಾನ್ಸನ್‌ದು. ಜೋನಿ ಮಿಚೆಲ್ ಅವರ ಹೆಜೀರಾ ಆಲ್ಬಂ ಕಯೋಟಿಯಿಂದಲೇ ಶುರುವಾಗುತ್ತದೆ. ಗಿಟಾರ್ ಸಾಲಿನಲ್ಲಿ ನಿಂತಿದ್ದ ಬರ್ನೆಟ್ ಮುಂದೆ ಎಷ್ಟು ದೊಡ್ಡ ನಿರ್ಮಾಪಕ ಆದರು ಅಂತ ಹೇಳಬೇಕಿಲ್ಲ.

ಇದೇ ಕಾರಣಕ್ಕೆ ಈ ಪ್ರವಾಸದ ಹಾಡುಗಳ, 2019ರ ಹದಿನಾಲ್ಕು ಡಿಸ್ಕಿನ ಪೆಟ್ಟಿಗೆ ಬಗ್ಗೆ ನನ್ನದೊಂದು ದೂರು ಇದೆ. ಅದರಲ್ಲಿ ಇರುವುದು ಡಿಲನ್ ಹಾಡಿದ ಭಾಗ ಮಾತ್ರ. ಬೇಜ್ ಡೈಮಂಡ್ಸ್ ಅಂಡ್ ರಸ್ಟ್ ಹಾಡಿದ್ದು ಇಲ್ಲ. ಮಿಚೆಲ್ ಇಲ್ಲ, ಎಲಿಯಟ್ ಇಲ್ಲ. ಮೂರು ಗಂಟೆ ಮೀರಿದ ಆಟದ ಅರ್ಧವೂ ಕೈಗೆ ಸಿಗುವುದಿಲ್ಲ. ಒಂದೇ ಒಂದು ರಾತ್ರಿಯನ್ನಾದರೂ ಮೊದಲಿಂದ ಕೊನೆಯವರೆಗೆ, ಎಲ್ಲರ ಹಾಡೂ ಸೇರಿಸಿ, ಬಿಡುಗಡೆ ಮಾಡಬೇಕು.

ಬಾಸ್ಟನ್75

ಆ ಪೆಟ್ಟಿಗೆಯಲ್ಲಿ ನಾನು ಕೂತಿದ್ದ ಆಟವೂ ಇದೆ. ಬಾಸ್ಟನ್ ರಾತ್ರಿಯದು. ಮಗಳು ತರಿಸಿಕೊಟ್ಟಳು. ಹಾಡುಗಳ ನಡುವೆ ಜನರ ಕೂಗು ಕೇಳುತ್ತದೆ. ನಿಮ್ಮ ದೂರು ನನ್ನದೂ ಹೌದು. ಬೇಜ್ ಒಬ್ಬರೇ ಹಾಡಿದ್ದನ್ನು ನಾನು ಅಂದಿನಿಂದ ಇಂದಿನವರೆಗೆ ಮತ್ತೆ ಕೇಳಿಲ್ಲ.

ಹೊಸಕಿವಿ

ಹದಿನಾಲ್ಕು ಡಿಸ್ಕ್ ಕೊಳ್ಳಲು ನನಗೆ ಆಗುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಕಡ್ಡಿಕೈ

2002ರಲ್ಲಿ ಬಂದ ಎರಡು ಡಿಸ್ಕಿನ ಲೈವ್ 1975 ತಗೋ. ಡಿಲನ್ ಅವರ ಹಳೆಯ ಧ್ವನಿಮುದ್ರಣಗಳ ಬೂಟ್‌ಲೆಗ್ ಸರಣಿಯ ಐದನೆಯದು. ಬೇಜ್ ಜೊತೆಗಿನ ಹಾಡುಗಳೂ ಅದರಲ್ಲಿವೆ. ಮೊದಲು ಐಸಿಸ್ ಹಾಕು, ಜೋರಾಗಿ.

ಮಳೆಹಾಡು

ಅದು ಮುಗಿದ ಮೇಲೆ ಹಾರ್ಡ್ ರೇನ್‌ನ ಈಡಿಯಟ್ ವಿಂಡ್ ಕೂಡ ಕೇಳು. ಕೇಳಿ ಇಲ್ಲೇ ಬಂದು ಬರಿ. ಬಾಸ್‌ತಂತಿ ಏನೇ ಹೇಳಲಿ.